ಪೇಪರ್‌ಲೆಸ್ ಕ್ಯಾಶಿಂಗ್

ಇಲ್ಲಿನ ‘ಕ್ಯಾಶ್’ ದುಡ್ಡಲ್ಲ. ಬಚ್ಚಿಡು ಎಂಬರ್ಥದ ಫ್ರೆಂಚ್ ‘ಕಾಶೇ’ಯಿಂದ ಬಂದದ್ದು, ಉತ್ತರ ಅಮೆರಿಕದ ಬೇಟೆಗಾರರು ದಿನಸಿ ಬಚ್ಚಿಡುತ್ತಿದ್ದ ಜಾಗಕ್ಕೂ ಅದೇ ಹೆಸರು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಎಂಬವರು, ಬೇರೆಯವರು ಜಿಪಿಎಸ್ ಹಿಡಿದು ಹುಡುಕಲೆಂದು, ಆರೆಗನ್‌ನಲ್ಲಿ ಒಂದು ಬಕೆಟ್ ಬಚ್ಚಿಟ್ಟರು. ತಿಂಗಳೊಳಗೆ ಈ ಆಟಕ್ಕೆ ‘ಜಿಯೋಕ್ಯಾಶಿಂಗ್’ ಎಂಬ ಪದ ಹುಟ್ಟಿತು.

ಮೊದಮೊದಲು ಆಟಗಾರರು ಬಚ್ಚಿಟ್ಟ ಡಬ್ಬಿಯ ವಿವರವನ್ನೆಲ್ಲ ಪ್ರಿಂಟ್ ತೆಗೆದು ಒಯ್ಯುತ್ತಿದ್ದರು. ಸುಳಿವು ಗುಪ್ತಲಿಪಿಯಲ್ಲಿ: ‘ಎ’ ಇದ್ದಲ್ಲಿ ‘ಎನ್’, ‘ಬಿ’ ಇದ್ದಲ್ಲಿ ‘ಓ’. ಮರದಡಿ ಕೂತು ಪೆನ್ಸಿಲ್ ಹಿಡಿದು ಬಿಡಿಸಬೇಕು. ಆಮೇಲೆ ವಿವರ, ಸುಳಿವು ಎಲ್ಲ ಜಿಪಿಎಕ್ಸ್ ಫೈಲಾಗಿ ಕೈಲಿರುವ ಸಾಧನಕ್ಕೇ ಇಳಿದವು; ‘ಪೇಪರ್‌ಲೆಸ್’ ಎಂಬ ಹೆಸರು ಅಂಟಿಕೊಂಡಿತು. ಪೂರ್ತಿ ನಿಜವೇನಲ್ಲ ಬಿಡಿ: ಡಬ್ಬಿ ಸಿಕ್ಕಮೇಲೆ ಒಳಗಿನ ಕಾಗದದ ಪುಸ್ತಕದಲ್ಲಿ ಹೆಸರು ಬರೆಯಲೇಬೇಕು. ಪೆನ್ನು ಮರೆತವರ ಪಾಡು ಕೇಳಬೇಡಿ.