ಅಂಬಾಸಿಡರೋ, ಪದ್ಮಿನಿಯೋ?

ಚಳ್ಳಕೆರೆಯನ್ನು ‘ಎಣ್ಣೆ ನಗರಿ’ ಎಂದು ಕರೆಯುವುದು ಸುಮ್ಮನೆ ಅಲ್ಲ. ಶೇಂಗಾ ಬೆಳೆ ಕೈಹಿಡಿದ ವರ್ಷಗಳಲ್ಲಿ ಇಲ್ಲಿನ ಗಿರಣಿಗಳಿಗೆ ಬಿಡುವೇ ಇರುತ್ತಿರಲಿಲ್ಲ. ಪಕ್ಕದ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳು. ಈ ಎರಡೂ ಊರುಗಳಲ್ಲಿ ನಾಲ್ಕು ಕಾಸು ಕಂಡವರು ಬಳ್ಳಾರಿಗೋ ಬೆಂಗಳೂರಿಗೋ ಹೋಗಿಬರಲು ಕಾರು ಕೊಳ್ಳಬೇಕೆಂದರೆ ಆಗ ಮುಖ್ಯವಾಗಿ ಇದ್ದದ್ದು ಎರಡೇ: ಅಂಬಾಸಿಡರ್ ಇಲ್ಲವೇ ಫಿಯೆಟ್. ಅದಕ್ಕೂ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕು. 1983ರ ಡಿಸೆಂಬರ್‌ನಲ್ಲಿ ಮಾರುತಿ ಬರುವವರೆಗೂ ಇದೇ ಕತೆ.

ಅಂದು ಅಜ್ಜ ಕೊಂಡು ಶೆಡ್ಡಿನಲ್ಲಿ ಬಿಟ್ಟುಹೋದ ಕಾರನ್ನು ಇಂದು ಮೊಮ್ಮಗ ದೂಳು ಒರೆಸಿ ನೋಡುತ್ತಿದ್ದಾನೆ. ಹಳೆಯ ಕಾರು ಈಗ ಶೋಕಿಯ ವಸ್ತು. ಹಾಗಾದರೆ ಇವೆರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ಎರಡೂ ಹುಟ್ಟಿನಿಂದ ಯುರೋಪಿನವು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚು; ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಪದ್ಮಿನಿ ಇಟಲಿಯ ಫಿಯೆಟ್ 1100. ಇಲ್ಲಿ 1964ರಲ್ಲಿ ಹೊಸ ರೂಪದಲ್ಲಿ ಬಂದು, 1974ರಲ್ಲಿ ರಜಪೂತ ರಾಣಿಯ ಹೆಸರು ಪಡೆಯಿತು. ಇದನ್ನು ತಯಾರಿಸಿದ ಮುಂಬೈನ ಪ್ರೀಮಿಯರ್ ಕಂಪನಿಯ ಸ್ಥಾಪಕ ವಾಲಚಂದ್ ಹೀರಾಚಂದ್. 1940ರಲ್ಲಿ ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದವರೂ ಇವರೇ. ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಓಡಾಡಿದ ಸರ್ ಎಂ. ವಿಶ್ವೇಶ್ವರಯ್ಯನವರ ಹಂಬಲವೂ ಇದರ ಹಿಂದಿದೆ ಎಂಬುದನ್ನು ಮರೆಯುವಂತಿಲ್ಲ.

ಓಡಿಸಲು ಎರಡರ ಗುಣವೂ ಬೇರೆ. ಎರಡರಲ್ಲೂ ಸ್ಟಿಯರಿಂಗ್ ಪಕ್ಕದಲ್ಲೇ ‘ಹ್ಯಾಂಡ್ ಗೇರ್’. ಆದರೆ ಅಂಬಾಸಿಡರ್‌ನ 1489 ಸಿ.ಸಿ. ಎಂಜಿನ್ ಎತ್ತಿನಂತೆ, ಅವಸರವಿಲ್ಲ, ಹೊರೆಗೆ ಅಂಜುವುದೂ ಇಲ್ಲ. ಮನೆಮಂದಿಯೆಲ್ಲ ಕುಳಿತು, ಡಿಕ್ಕಿಯಲ್ಲಿ ಎಣ್ಣೆ ಡಬ್ಬಿ ಇಟ್ಟರೂ ಹೊಲದ ದಾರಿಯಲ್ಲಿ ನಡೆಯುತ್ತದೆ. ಪದ್ಮಿನಿಯದು 1089 ಸಿ.ಸಿ., ಮೈ ಹಗುರ, ತಿರುವಿನಲ್ಲಿ ಚುರುಕು. ತಾನೇ ಓಡಿಸುವವನಿಗೆ ಪದ್ಮಿನಿ, ಚಾಲಕನನ್ನು ಇಟ್ಟುಕೊಂಡವನಿಗೆ ಅಂಬಾಸಿಡರ್ ಎಂಬುದು ನನ್ನ ಲೆಕ್ಕ.

ಸಂಗ್ರಾಹಕನ ಲೆಕ್ಕ ಬೇರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷ ಸಿಂಧು, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ನಿತ್ಯದ ಓಡಾಟಕ್ಕೆ ಮಾತ್ರ ಬಳಸುವಂತಿಲ್ಲ. ಮುಖ್ಯವಾದದ್ದು ಮುಂದಿದೆ: ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು.

ಅಂಬಾಸಿಡರ್ ಎಡವುವುದು ಇಲ್ಲೇ. ಡೀಸೆಲ್ ಅಗ್ಗವೆಂದು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದವರು ಎಲ್ಲ ಊರಲ್ಲೂ ಇದ್ದಾರೆ. ಅಂದಿನ ಮಟ್ಟಿಗೆ ಅದು ಜಾಣತನವೇ, ತಪ್ಪೆನ್ನಲಾಗದು. ಆದರೆ ಆ ಕಾರು ಇಂದು ಸಂಗ್ರಹಕ್ಕೆ ಬಾರದು. 2014ರವರೆಗೂ ತಯಾರಾದ್ದರಿಂದ ಬಿಡಿಭಾಗ ಹುಡುಕುವುದು ಮಾತ್ರ ಪದ್ಮಿನಿಗಿಂತ ಸುಲಭ. ಪದ್ಮಿನಿಯ ಶತ್ರು ತುಕ್ಕು. ಕರಾವಳಿಯಲ್ಲಾದರೆ ಟಿಂಕರಿಂಗ್ ಖರ್ಚೇ ಕಾರಿನ ಬೆಲೆ ಮೀರೀತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದಾದ ನಮ್ಮ ಚಳ್ಳಕೆರೆ ಸೀಮೆಯಲ್ಲಿ, ರೈತನಿಗೆ ಶಾಪವಾದ ಒಣಹವೆ ಕಬ್ಬಿಣವನ್ನು ಕಾಪಾಡುತ್ತದೆ. ರಬ್ಬರ್ ಒಡೆಯುತ್ತದೆ, ಬಣ್ಣ ಮಾಸುತ್ತದೆ, ಅಷ್ಟೇ.

ಹಾಗಾಗಿ ಈ ಭಾಗದಲ್ಲಿ ಎಂಜಿನ್ ಬದಲಾಗದ 1970ರ ದಶಕದ ಪದ್ಮಿನಿ ಸಿಕ್ಕರೆ ಅದಕ್ಕೇ ನನ್ನ ಮತ. ಅಜ್ಜನ ಅಂಬಾಸಿಡರ್ ಮನೆಯಲ್ಲೇ ಇದ್ದರೆ ಮಾರುವ ಮುನ್ನ ಆರ್.ಸಿ. ಪುಸ್ತಕ ತೆಗೆದು, ಅದರಲ್ಲಿನ ಎಂಜಿನ್ ನಂಬರನ್ನು ಬಾನೆಟ್ ಎತ್ತಿ ಒಮ್ಮೆ ತಾಳೆ ನೋಡಿ.