ಏರುದಾರಿಯ ಎಂಜಿನ್: ಮೀಂಜದ ರಸ್ತೆಗಳಿಗೆ ಸಿಲಿಂಡರ್ ಹೆಡ್ ಮತ್ತು ಕ್ಯಾಮ್ ಶಾಫ್ಟ್ ಆಯ್ಕೆ

ಹೊಸಂಗಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟು ಮೂಡಣಕ್ಕೆ, ಮೀಯಪದವಿನ ಕಡೆಗೆ ಹೊರಟರೆ ಮುರಕಲ್ಲಿನ ಗುಡ್ಡೆ, ಅದರ ಬುಡದಲ್ಲಿ ಅಡಿಕೆ ತೋಟದ ಬೈಲು, ದಾಟಿದರೆ ಮತ್ತೊಂದು ಗುಡ್ಡೆ. ಕೇರಳದ ಮೀಂಜ ಪಂಚಾಯತಿನ ಬಹುಪಾಲು ರಸ್ತೆಗಳ ಸ್ವಭಾವ ಇದೇ. ಇಲ್ಲಿ ವಾಹನ ಒಂದೇ ವೇಗದಲ್ಲಿ ಹೆಚ್ಚು ಹೊತ್ತು ಓಡುವುದಿಲ್ಲ. ತಿರುವಿಗೆ ನಿಧಾನಿಸಬೇಕು, ತಿರುವು ಕಳೆಯುತ್ತಿದ್ದಂತೆ ಏರು ಹತ್ತಬೇಕು. ಇಂಥ ರಸ್ತೆಗೆ ಹೆಚ್ಚು ಬಲದ ಎಂಜಿನ್ ಸಿದ್ಧಪಡಿಸುವವನು ಯಾವ ಸಿಲಿಂಡರ್ ಹೆಡ್, ಯಾವ ಕ್ಯಾಮ್ ಶಾಫ್ಟ್ ಆರಿಸಬೇಕು ಎಂಬುದು ಈ ಲೇಖನದ ಪ್ರಶ್ನೆ. ನನ್ನ ವಾದ ಇಷ್ಟು: ಗಾಳಿಗೆ ದಾರಿ ಮಾಡಿಕೊಡುವ ಕೆಲಸವನ್ನು ಆದಷ್ಟು ಹೆಡ್ಡಿಗೆ ಬಿಡಬೇಕು, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮನ್ನು ಸೌಮ್ಯವಾಗಿಯೇ ಉಳಿಸಿಕೊಳ್ಳಬೇಕು. ಹೆಡ್ಡಿನ ಕೊರತೆಯನ್ನು ಕ್ಯಾಮಿನಿಂದ ತುಂಬಿಸಹೊರಟ ಎಂಜಿನ್ ಹೆದ್ದಾರಿಯಲ್ಲಿ ಓಡೀತು, ಗುಡ್ಡೆಯ ತಿರುವಿನಲ್ಲಿ ಸೋಲುತ್ತದೆ.

ಹೆಡ್ ಬದಲಾದರೆ ಎಷ್ಟು ವ್ಯತ್ಯಾಸವಾಗುತ್ತದೆ ಎನ್ನುವುದಕ್ಕೆ ಈ ಭಾಗದ ಗುಡ್ಡಗಾಡಿಗೆ ಹಳೆಯ ಪರಿಚಯವಿರುವ ಜೀಪೇ ಸಾಕ್ಷಿ. ಎರಡನೆಯ ಮಹಾಯುದ್ಧ ಕಾಲದ ವಿಲೀಸ್ ಜೀಪಿನ ‘ಗೋ ಡೆವಿಲ್’ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇದ್ದವು. ಹೆಡ್ ಎಂಬುದು ಬರೀ ಮುಚ್ಚಳ. ಸುಮಾರು 2.2 ಲೀಟರಿನ ಆ ಎಂಜಿನ್ ಕೊಡುತ್ತಿದ್ದುದು 60 ಅಶ್ವಶಕ್ತಿ. ಮುಂದೆ ಬಂದ ‘ಹರಿಕೇನ್’ ಎಂಜಿನ್ನಿನಲ್ಲಿ ಸಿಲಿಂಡರಿನ ಅಳತೆ ಅದೇ ಉಳಿಯಿತು. ಒಳಗಾಳಿಯ ವಾಲ್ವನ್ನು ಮಾತ್ರ ಹೆಡ್ಡಿಗೆ ಏರಿಸಿ, ಹೊಗೆಯ ವಾಲ್ವನ್ನು ಬ್ಲಾಕಿನಲ್ಲೇ ಬಿಟ್ಟರು. ಶಕ್ತಿ 72ಕ್ಕೆ ಏರಿತು, ಐದರಲ್ಲೊಂದು ಪಾಲು ಹೆಚ್ಚು. ಹಿಗ್ಗಿಸಿದ ಸಿಲಿಂಡರಿನಿಂದಲ್ಲ, ಉಸಿರಾಟ ಸಲೀಸಾದದ್ದರಿಂದ ಬಂದ ಲಾಭ ಇದು. ಎತ್ತರ ಹೆಚ್ಚಿದ ಈ ಎಂಜಿನ್ನಿಗೆ ಜಾಗ ಮಾಡಲು 1953ರ ಸಿಜೆ-3ಬಿ ಜೀಪಿನ ಬಾನೆಟ್ಟನ್ನೇ ಎತ್ತರಿಸಬೇಕಾಯಿತು. ಮಹೀಂದ್ರ ಕಂಪೆನಿ ಭಾರತದಲ್ಲಿ ಪರವಾನಗಿ ಪಡೆದು ದಶಕಗಳ ಕಾಲ ತಯಾರಿಸಿದ ಜೀಪಿನ ಆ ಎತ್ತರದ ಮೂತಿಗೆ ಕಾರಣ ಸೌಂದರ್ಯಪ್ರಜ್ಞೆಯಲ್ಲ, ಸಿಲಿಂಡರ್ ಹೆಡ್.

ರಸ್ತೆಯಿಂದ ಸುತ್ತಿಗೆ

ಆಯ್ಕೆ ಶುರುವಾಗಬೇಕಾದದ್ದು ರಸ್ತೆಯಿಂದ. ಲೆಕ್ಕಕ್ಕೆ ಮಾರುತಿ ಜಿಪ್ಸಿಯಂಥ ಒಂದು ವಾಹನವನ್ನು ತೆಗೆದುಕೊಳ್ಳೋಣ. ಜನ, ಸಾಮಾನು ಸೇರಿ 1,300 ಕಿಲೊ ತೂಕ, 205/70 ಆರ್15 ಟಯರು, ಎರಡನೇ ಗೇರಿನಲ್ಲಿ ಎಂಜಿನ್ನಿನಿಂದ ಚಕ್ರದವರೆಗೆ ಒಟ್ಟು ಇಳಿಕೆ ಸರಿಸುಮಾರು 10ಕ್ಕೆ 1 ಎಂದು ಇಟ್ಟುಕೊಳ್ಳೋಣ. ಆ ಟಯರಿನ ಸುತ್ತಳತೆ 2.1 ಮೀಟರು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತದೆ, 50 ಕಿ.ಮೀ.ಗೆ ಸುಮಾರು 4,000. ಅಗಲ ಕಿರಿದಾದ, ತಿರುವುಗಳೇ ತುಂಬಿದ ಊರ ರಸ್ತೆಯಲ್ಲಿ ಎಂಜಿನ್ನಿನ ಬಾಳ್ವೆಯ ಹೆಚ್ಚಿನ ಭಾಗ ಈ ಎರಡು ಅಂಕಿಗಳ ನಡುವೆಯೇ ಕಳೆಯುತ್ತದೆ.

ಎಂಟಕ್ಕೆ ಒಂದರ ಏರು ಎಂದರೆ ಎಂಟು ಮೀಟರು ಮುಂದೆ ಹೋದಾಗ ಒಂದು ಮೀಟರು ಮೇಲೇರುವ ರಸ್ತೆ. ಅದರಲ್ಲಿ ಈ ವಾಹನವನ್ನು ಹಿಂದೆಳೆಯುವ ಬಲ ಸುಮಾರು 1,580 ನ್ಯೂಟನ್, ಟಯರಿನ ಉರುಳುವಿಕೆಯ ತಡೆ ಮತ್ತೆ 250. ಗೇರು, ಶಾಫ್ಟುಗಳಲ್ಲಿ ಸೋರಿಹೋಗುವುದನ್ನು 12 ಶೇಕಡಾ ಎಂದು ಹಿಡಿದರೆ ಏರು ಹತ್ತಲು ಎಂಜಿನ್ ಕೊಡಬೇಕಾದ ಟಾರ್ಕ್ 70 ನ್ಯೂಟನ್ ಮೀಟರು. ಇದು ವೇಗ ಹೆಚ್ಚಿಸಲು ಅಲ್ಲ, ಇದ್ದ ವೇಗ ಉಳಿಸಿಕೊಳ್ಳಲು ಮಾತ್ರ. ಆ ಸುತ್ತಿನಲ್ಲಿ ಎಂಜಿನ್ 90 ಕೊಡುತ್ತದೆ ಎಂದರೆ ವೇಗ ಹೆಚ್ಚಿಸಲು ಉಳಿಯುವುದು 20. ಕ್ಯಾಮ್ ಬದಲಿಸಿ ಕೆಳಸುತ್ತಿನ ಟಾರ್ಕನ್ನು ಹತ್ತು ಶೇಕಡಾ ಕಳೆದುಕೊಂಡರೆ 90 ಹೋಗಿ 81 ಆಗುತ್ತದೆ, 20 ಹೋಗಿ 11 ಆಗುತ್ತದೆ. ‘ಪಿಕಪ್ ಸತ್ತಿದೆ’ ಎಂದು ಚಾಲಕರು ಹೇಳುವುದು ಈ ಎರಡನೆಯ ಇಳಿಕೆಯನ್ನೇ. ಹತ್ತು ಶೇಕಡಾ ನಷ್ಟ ಏರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಾಗಿ ಕಾಣಿಸುತ್ತದೆ. ಗರಿಷ್ಠ ಅಶ್ವಶಕ್ತಿಯ ಅಂಕಿಯನ್ನೇ ಹಿಡಿದು ಹೋಲಿಸುವ ಚರ್ಚೆಗಳು ಈ ಮಿಗತೆಯ ಲೆಕ್ಕವನ್ನು ಬಿಟ್ಟುಬಿಡುತ್ತವೆ. ನನ್ನ ಮಟ್ಟಿಗೆ ಅದೇ ಮುಖ್ಯವಾದ ಲೆಕ್ಕ.

ಒಂದೇ ಬ್ಲಾಕು, ಎರಡು ಹೆಡ್ಡು

ಜಿಪ್ಸಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. 1985ರಲ್ಲಿ ಅದು 970 ಸಿಸಿ ಎಂಜಿನ್ನಿನೊಂದಿಗೆ ಬಂತು. 1996ರ ಜಿಪ್ಸಿ ಕಿಂಗಿಗೆ ಸುಜುಕಿಯ ಜಿ13 ವಂಶದ 1,298 ಸಿಸಿ ಎಂಜಿನ್ ಸಿಕ್ಕಿತು: ಸಿಲಿಂಡರಿಗೆ ಎರಡರಂತೆ ಎಂಟು ವಾಲ್ವು, ಕಾರ್ಬ್ಯುರೇಟರ್, 60 ಅಶ್ವಶಕ್ತಿ. 2000ದಲ್ಲಿ ಅದೇ ವಂಶದ ಹದಿನಾರು ವಾಲ್ವಿನ, ಪೆಟ್ರೋಲ್ ಇಂಜೆಕ್ಷನ್ನಿನ ಎಂಜಿನ್ ಬಂದು ಶಕ್ತಿ 80ಕ್ಕೆ ಮುಟ್ಟಿತು. ಸಿಲಿಂಡರಿನ ವ್ಯಾಸ 74 ಮಿ.ಮೀ., ಪಿಸ್ಟನ್ನಿನ ನಡೆ 75.5 ಮಿ.ಮೀ.; ಅವೆರಡೂ ಬದಲಾಗಲಿಲ್ಲ. ಇಂಜೆಕ್ಷನ್ನಿನ ಪಾಲೂ ಈ ಏರಿಕೆಯಲ್ಲಿ ಇದೆ, ಎಲ್ಲವನ್ನೂ ಹೆಡ್ಡಿಗೇ ಬರೆಯುವಂತಿಲ್ಲ. ಆದರೂ ಹದಿನಾರು ವಾಲ್ವಿನ ಎಂಜಿನ್ನಿನ ಅಂಕಿಗಳನ್ನು ಬಿಡಿಸಿ ನೋಡುವುದು ಉಪಯುಕ್ತ. 4,500 ಸುತ್ತಿನಲ್ಲಿ 103 ನ್ಯೂಟನ್ ಮೀಟರು ಎಂದರೆ ಪಿಸ್ಟನ್ನಿನ ಮೇಲೆ ಸರಾಸರಿ 10 ಬಾರ್ ಉಪಯುಕ್ತ ಒತ್ತಡ. 6,000 ಸುತ್ತಿನಲ್ಲಿ 80 ಅಶ್ವಶಕ್ತಿ ಎಂದರೆ 95 ನ್ಯೂಟನ್ ಮೀಟರು. ಸುತ್ತು ಮೂರರಲ್ಲೊಂದು ಪಾಲು ಏರಿದರೂ ಟಾರ್ಕ್ ಇಳಿದದ್ದು ಎಂಟು ಶೇಕಡಾ ಮಾತ್ರ. ಮೇಲಿನ ಸುತ್ತಿನಲ್ಲೂ ಉಸಿರು ಕಟ್ಟದ ಹೆಡ್ಡಿನ ಲಕ್ಷಣ ಇದು.

ಇದು ಹೇಗೆ ಸಾಧ್ಯವಾಗುತ್ತದೆ? ಕಂಪೆನಿಯ ಅಳತೆಗಳನ್ನಲ್ಲ, 74 ಮಿ.ಮೀ. ಸಿಲಿಂಡರಿಗೆ ಒಪ್ಪುವ ಮಾದರಿ ಅಳತೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ: ಒಂದು ಕಡೆ 36 ಮಿ.ಮೀ. ವ್ಯಾಸದ ಒಂದೇ ಒಳಗಾಳಿ ವಾಲ್ವು, ಇನ್ನೊಂದು ಕಡೆ 28 ಮಿ.ಮೀ.ನ ಎರಡು. ಒಂಟಿ ವಾಲ್ವಿನ ವಿಸ್ತೀರ್ಣ 1,018 ಚದರ ಮಿ.ಮೀ., ಜೋಡಿಯದು 1,232. ಹೆಚ್ಚಳ 21 ಶೇಕಡಾ. ನಿಜವಾದ ಲಾಭ ಕಾಣುವುದು ವಾಲ್ವು ಆಗತಾನೆ ತೆರೆಯುತ್ತಿರುವಾಗ. ಆಗ ಗಾಳಿ ನುಗ್ಗುವುದು ವಾಲ್ವಿನ ಅಂಚಿನ ಸುತ್ತಲಿನ ಸಂದಿಯಲ್ಲಿ. ಸಂದಿಯ ವಿಸ್ತೀರ್ಣ ಎಂದರೆ ಸುತ್ತಳತೆಯನ್ನು ಎತ್ತರದಿಂದ ಗುಣಿಸಿದಷ್ಟು. ವಾಲ್ವು 4 ಮಿ.ಮೀ. ಎದ್ದಾಗ ಒಂಟಿಯ ಸಂದಿ 452 ಚದರ ಮಿ.ಮೀ. ಇದ್ದರೆ ಜೋಡಿಯದು 704. ಐವತ್ತಾರು ಶೇಕಡಾ ಹೆಚ್ಚು.

ಕೆಳಸುತ್ತಿನಲ್ಲಿ ದೊಡ್ಡ ದಾರಿಯಿಂದ ಗಾಳಿಯ ಓಟ ಮಂದವಾಗುತ್ತದೆ, ಹಾಗಾಗಿ ಎಂಟು ವಾಲ್ವಿನದೇ ಗುಡ್ಡೆಗೆ ಮೇಲು ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. 2,400 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 6 ಮೀಟರು. ವಾಲ್ವಿನ ಬಾಯಿಯಲ್ಲಿ ಗಾಳಿಯ ವೇಗ ಒಂಟಿಯಲ್ಲಿ 25.5 ಮೀಟರು, ಜೋಡಿಯಲ್ಲಿ 21. ಹದಿನೇಳು ಶೇಕಡಾ ಇಳಿಕೆ. ಆದರೆ ಈ ನಷ್ಟವನ್ನು ಪೋರ್ಟಿನ ಅಡ್ಡಳತೆಯನ್ನು ಹಿಡಿತದಲ್ಲಿಟ್ಟುಕೊಂಡು ಬಹುಮಟ್ಟಿಗೆ ತಪ್ಪಿಸಬಹುದು. ಆದ್ದರಿಂದ ಹದಿನಾರು ವಾಲ್ವಿನ ಹೆಡ್ಡಿನ ಪೋರ್ಟನ್ನು ಉಜ್ಜಿ ಅಗಲ ಮಾಡುವ ಆಸೆಗೆ ಬೀಳಬಾರದು. ವಾಲ್ವ್ ಸೀಟಿನ ಹಿಂದಿನ ಬಟ್ಟಲಲ್ಲಿ ಎರಕದ ಏಣುಗಳನ್ನು ತೆಗೆದು ನಯಮಾಡುವುದು, ಸೀಟನ್ನು ಮೂರು ಕೋನದಲ್ಲಿ ಕತ್ತರಿಸುವುದು, ಗ್ಯಾಸ್ಕೆಟ್ಟಿನ ಅಂಚು ದಾರಿಗೆ ಚಾಚದಂತೆ ನೋಡಿಕೊಳ್ಳುವುದು; ಬೀದಿಯ ಎಂಜಿನ್ನಿಗೆ ಇಷ್ಟು ಸಾಕು.

ಮೇಲಿನ ಮಿತಿಯನ್ನೂ ಅಳೆಯಬಹುದು. ಎಂಐಟಿಯ ಪ್ರಾಧ್ಯಾಪಕ ಚಾರ್ಲ್ಸ್ ಫೆಯೆಟ್ ಟೇಲರ್ ತಮ್ಮ ಗ್ರಂಥದಲ್ಲಿ ವಿವರಿಸಿದ ಸೂಚ್ಯಂಕವೊಂದಿದೆ: ಒಳಗಾಳಿಯ ವೇಗ ಶಬ್ದದ ವೇಗದ ಎಷ್ಟು ಪಾಲು ಎಂಬುದನ್ನು, ವಾಲ್ವಿನ ಹರಿವಿನ ಗುಣಾಂಕವನ್ನೂ ಸೇರಿಸಿಕೊಂಡು, ಅದು ಹೇಳುತ್ತದೆ. ಅದು 0.6 ದಾಟಿದರೆ ಸಿಲಿಂಡರ್ ತುಂಬುವಿಕೆ ಥಟ್ಟನೆ ಕುಸಿಯುತ್ತದೆ. ಸರಾಸರಿ ಗುಣಾಂಕ 0.35, ಗಾಳಿಯ ಉಷ್ಣತೆ 30 ಡಿಗ್ರಿ ಎಂದು ಹಿಡಿದರೆ 6,000 ಸುತ್ತಿನಲ್ಲಿ ಒಂಟಿ ವಾಲ್ವಿನ ಸೂಚ್ಯಂಕ 0.52, ಜೋಡಿಯದು 0.43. ಏಳು ಸಾವಿರಕ್ಕೆ ಒಂಟಿ 0.61 ತಲುಪಿ ಗೆರೆ ದಾಟುತ್ತದೆ, ಜೋಡಿ 0.50ರಲ್ಲೇ ಇರುತ್ತದೆ. ಮೀಂಜದ ರಸ್ತೆಯಲ್ಲಿ ಏಳು ಸಾವಿರ ಸುತ್ತು ಯಾರಿಗೂ ಬೇಡ. ಹಾಗಾದರೆ ಹದಿನಾರು ವಾಲ್ವಿನ ಲಾಭವೇನು? ಉತ್ತರ ಕ್ಯಾಮಿನಲ್ಲಿದೆ.

ಕ್ಯಾಮಿನ ಬೆಲೆ

ವಾಲ್ವಿನ ಗರಿಷ್ಠ ಎತ್ತರ ಅದರ ವ್ಯಾಸದ ಕಾಲು ಭಾಗ ಎಂದು ಎರಡೂ ಕಡೆ ಒಂದೇ ನಿಯಮ ಇಟ್ಟುಕೊಳ್ಳೋಣ. ಒಂಟಿಗೆ 9 ಮಿ.ಮೀ., ಜೋಡಿಗೆ 7. ವಾಲ್ವು ಎಷ್ಟು ಹೊತ್ತು ಎಷ್ಟು ತೆರೆದಿತ್ತು ಎಂಬುದರ ಮೊತ್ತವನ್ನು ಹೋಲಿಸಿದರೆ, ಜೋಡಿ ಕ್ರ್ಯಾಂಕಿನ 220 ಡಿಗ್ರಿಯಲ್ಲಿ ಕೊಡುವಷ್ಟನ್ನು ಒಂಟಿ ಕೊಡಬೇಕಾದರೆ 266 ಡಿಗ್ರಿ ತೆರೆದಿರಬೇಕು. ಈ 46 ಡಿಗ್ರಿಯೇ ಹೆಡ್ಡಿನ ಕೊರತೆಗೆ ಕ್ಯಾಮ್ ತೆರುವ ದಂಡ. ಅರ್ಧ ಮುಂಚಿತವಾಗಿ ತೆರೆಯುವುದಕ್ಕೆ, ಅರ್ಧ ತಡವಾಗಿ ಮುಚ್ಚುವುದಕ್ಕೆ ಹೋಗುತ್ತದೆ.

ತಡವಾಗಿ ಮುಚ್ಚುವುದರ ಪರಿಣಾಮ ಗಂಭೀರ. ಪಿಸ್ಟನ್ ಕೆಳತುದಿ ಮುಟ್ಟಿ ಮೇಲೇರತೊಡಗಿದ ಮೇಲೂ ವಾಲ್ವು ತೆರೆದಿದ್ದರೆ, ನಿಧಾನದ ಸುತ್ತಿನಲ್ಲಿ ಎಳೆದುಕೊಂಡ ಗಾಳಿಯ ಒಂದು ಪಾಲು ಬಂದ ದಾರಿಯಲ್ಲೇ ವಾಪಸಾಗುತ್ತದೆ. ಕನೆಕ್ಟಿಂಗ್ ರಾಡ್ 120 ಮಿ.ಮೀ., ಕಂಪ್ರೆಷನ್ 9ಕ್ಕೆ 1 ಎಂದು ಇಟ್ಟುಕೊಂಡರೆ, ಕೆಳತುದಿಯಿಂದ 45 ಡಿಗ್ರಿ ಕಳೆದು ವಾಲ್ವು ಮುಚ್ಚುವ ಕ್ಯಾಮಿನಲ್ಲಿ ನಡೆಯ 89 ಶೇಕಡಾ ಒತ್ತುವಿಕೆಗೆ ಉಳಿಯುತ್ತದೆ. ನಿಜವಾದ ಕಂಪ್ರೆಷನ್ 8.15. ಅದೇ 68 ಡಿಗ್ರಿಗೆ ಮುಚ್ಚಿದರೆ ಉಳಿಯುವುದು 76 ಶೇಕಡಾ, ಕಂಪ್ರೆಷನ್ 7.05. ಹಳೆಯ ಹರಿಕೇನ್ ಜೀಪಿನ 6.9ರ ಸಮೀಪಕ್ಕೆ ಎಂಜಿನ್ ಹಿಂದೆ ಹೋದಂತಾಯಿತು.

ಇದನ್ನು ಸರಿದೂಗಿಸಲು ಹೆಡ್ ಪ್ಲೇನ್ ಮಾಡಿಸಿ ಕಂಪ್ರೆಷನ್ ಏರಿಸುವುದು ವಾಡಿಕೆ. ಕಳೆದುಕೊಂಡದ್ದು ಪೂರ್ತಿ ಮರಳಬೇಕಾದರೆ ಅಂಕಿ 10.45ಕ್ಕೆ ಏರಬೇಕು, ಅಂದರೆ ಪ್ರತಿ ಸಿಲಿಂಡರಿನ ದಹನಕೋಣೆಯಿಂದ 6.2 ಸಿಸಿ ತೆಗೆಯಬೇಕು. ಸಿಲಿಂಡರಿನಷ್ಟೇ ಅಗಲದ ಕೋಣೆಯಾದರೂ 1.4 ಮಿ.ಮೀ.ಗಿಂತ ಹೆಚ್ಚು ಕೆತ್ತಬೇಕು. ಕೋಣೆಯ ಬಾಯಿ ಅದಕ್ಕಿಂತ ಕಿರಿದಾದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಅಲ್ಯುಮಿನಿಯಂ ಹೆಡ್ಡಿಗೆ ಅದು ಅಪಾಯದ ಮಾತು. ಹೆಡ್ ಕೆಳಗಿಳಿದಂತೆ ಅದರ ಮೇಲಿರುವ ಕ್ಯಾಮ್ ಕ್ರ್ಯಾಂಕಿನ ಹತ್ತಿರ ಬರುತ್ತದೆ, ಟೈಮಿಂಗ್ ಬೆಲ್ಟಿನ ಎಳೆಯುವ ಮಗ್ಗುಲು ಸಡಿಲಾಗುತ್ತದೆ, ಕ್ಯಾಮ್ ಹಿಂದೆ ಬೀಳುತ್ತದೆ. ಕ್ಯಾಮಿನ ಪುಲ್ಲಿ 110 ಮಿ.ಮೀ. ವ್ಯಾಸದ್ದಾದರೆ ಕೆತ್ತಿದ ಒಂದೊಂದು ಮಿಲಿಮೀಟರಿಗೂ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು ಎರಡು ಡಿಗ್ರಿ ತಡ. ಆಗ ಒಳಗಾಳಿಯ ವಾಲ್ವು ಇನ್ನಷ್ಟು ತಡವಾಗಿ ಮುಚ್ಚುತ್ತದೆ. ಯಾವ ದೋಷ ನೀಗಲು ಹೆಡ್ ಕೆತ್ತಿದೆವೋ ಅದೇ ದೋಷ ಬೆಳೆಯುತ್ತದೆ. ಸರಿಹೊಂದಿಸಬಹುದಾದ ಪುಲ್ಲಿ ಹಾಕಿ, ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ, ಡಯಲ್ ಗೇಜಿನಿಂದ ವಾಲ್ವಿನ ಎತ್ತರ ಅಳೆದು ಕ್ಯಾಮನ್ನು ಮುಂದಕ್ಕೆ ತರುವ ತಾಳ್ಮೆ ಇಲ್ಲದವರು ಹೆಡ್ ಪ್ಲೇನ್ ಮಾಡಿಸುವ ಗೋಜಿಗೆ ಹೋಗದಿರುವುದೇ ಲೇಸು. ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಅಂತರವನ್ನು ಮೇಣವಿಟ್ಟು ಅಳೆಯುವುದೂ ಇದೇ ಕೆಲಸದ ಭಾಗ.

ಮುಂಚಿತವಾಗಿ ತೆರೆಯುವ ಇನ್ನರ್ಧದ ಪರಿಣಾಮವನ್ನು ಶಕ್ತಿಯ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಅದು ಬ್ರೇಕಿಗೆ ಸಂಬಂಧಿಸಿದ್ದು. ಒಳಗಾಳಿ ಮತ್ತು ಹೊಗೆಯ ವಾಲ್ವುಗಳೆರಡೂ ಒಟ್ಟಿಗೆ ತೆರೆದಿರುವ ಅವಧಿ ಹಿಗ್ಗಿದರೆ ನಿಧಾನದ ಸುತ್ತಿನಲ್ಲಿ ಸುಟ್ಟ ಅನಿಲ ಒಳಗಾಳಿಯ ಮ್ಯಾನಿಫೋಲ್ಡಿಗೆ ನುಗ್ಗಿ ಅಲ್ಲಿನ ನಿರ್ವಾತ ಕುಂದುತ್ತದೆ. ಬ್ರೇಕ್ ಬೂಸ್ಟರ್ ದುಡಿಯುವುದು ಅದೇ ನಿರ್ವಾತದಿಂದ. ಮಳೆಗಾಲದಲ್ಲಿ ಗುಡ್ಡೆ ಇಳಿಯುತ್ತ, ತಿರುವಿನಿಂದ ತಿರುವಿಗೆ ಮತ್ತೆ ಮತ್ತೆ ಬ್ರೇಕ್ ಒತ್ತುವ ಚಾಲಕನಿಗೆ ಪೆಡಲ್ ಕಲ್ಲಾಗುವುದು ಸಣ್ಣ ತೊಂದರೆಯಲ್ಲ. ಮ್ಯಾನಿಫೋಲ್ಡಿನ ಒತ್ತಡ ನೋಡಿ ಪೆಟ್ರೋಲ್ ಅಳೆಯುವ ಇಂಜೆಕ್ಷನ್ ವ್ಯವಸ್ಥೆಯೂ ಆಗ ತಪ್ಪಾಗಿ ಓದಿ ಇಂಧನ ಹೆಚ್ಚು ಸುರಿಯುತ್ತದೆ.

ಕರಾವಳಿಯ ಹವೆಯನ್ನೂ ಮರೆಯುವಂತಿಲ್ಲ. 30 ಡಿಗ್ರಿ ಉಷ್ಣತೆ, 90 ಶೇಕಡಾ ತೇವ ಇರುವ ದಿನ ಗಾಳಿಯ ಒತ್ತಡದಲ್ಲಿ ನೀರಾವಿಯ ಪಾಲೇ ಸುಮಾರು 3.8 ಶೇಕಡಾ, ಆಮ್ಲಜನಕ ಅಷ್ಟೇ ಕಡಿಮೆ. ಅದೇ ನೀರಾವಿ ನಾಕಿಂಗನ್ನು ತುಸು ತಡೆಯುವುದರಿಂದ, ಮಳೆಗಾಲದಲ್ಲಿ ಇಗ್ನಿಷನ್ ಟೈಮಿಂಗ್ ಹೊಂದಿಸಿದವರು ಬೇಸಗೆಗೆ ಮುನ್ನ ಮತ್ತೊಮ್ಮೆ ನೋಡಬೇಕು. ಈಗ ಬಂಕುಗಳಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಆಕ್ಟೇನಿನ ದೃಷ್ಟಿಯಿಂದ ಹೆಚ್ಚಿನ ಕಂಪ್ರೆಷನ್ನಿಗೆ ಅನುಕೂಲ. ಆದರೆ ಒಂದು ಕಿಲೊ ಇಂಧನಕ್ಕೆ 14.7ರ ಬದಲು ಸುಮಾರು 13.5 ಕಿಲೊ ಗಾಳಿ ಎಂಬ ಅನುಪಾತಕ್ಕೆ ತಕ್ಕಂತೆ ಕಾರ್ಬ್ಯುರೇಟರಿನ ಜೆಟ್ಟನ್ನು ಹಿಗ್ಗಿಸಬೇಕು, ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಬೇಕು.

ಕಾನೂನಿನ ಗೆರೆಯೂ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಕೆಎಲ್-14 ಫಲಕ ಹೊತ್ತು ಊರ ರಸ್ತೆಯಲ್ಲಿ ಓಡುವ ವಾಹನಕ್ಕೆ ಇದು ಅನ್ವಯಿಸುತ್ತದೆ. ಹಾಗಾಗಿ ಎಂಟು ವಾಲ್ವಿನ ಜಿಪ್ಸಿಯ ಮಾಲೀಕರು ಹದಿನಾರರ ಹೆಡ್ಡಿನತ್ತ ಕೈಚಾಚುವ ಮೊದಲು ನೋಂದಣಿ ಅಧಿಕಾರಿಯ ಬಳಿ ಹೋಗಬೇಕು. ಸ್ಪರ್ಧೆಗೆಂದೇ ಸಜ್ಜಾದ ವಾಹನವನ್ನು ಟ್ರೇಲರಿನ ಮೇಲೆ ಹೇರಿಕೊಂಡು ಹೋಗಬೇಕು. ಹದಿನಾರು ವಾಲ್ವಿನ ಹೆಡ್ಡನ್ನು ಕಾರ್ಖಾನೆಯಿಂದಲೇ ಪಡೆದು ಬಂದ ವಾಹನ ಇರುವವರಿಗೆ ಮಾತ್ರ ಕೆಲಸ ಹಗುರ: ಕಾರ್ಖಾನೆಯ ಕ್ಯಾಮ್ ಹಾಗೇ ಇರಲಿ, ಸೀಟು ಮತ್ತು ವಾಲ್ವು ಗಾಳಿ ಸೋರದಂತೆ ಕೂರಲಿ, ಬೆಲ್ಟು ಹೊಸದಾಗಿ ಗುರುತಿಗೆ ಸರಿಯಾಗಿ ಬೀಳಲಿ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಗೇಜಿನಲ್ಲಿ ಸಮನಾಗಿ ಬರಲಿ.