ಕಲಾಸಿಪಾಳ್ಯದಲ್ಲೊಂದು ಕಡಲು

ಕಲಾಸಿಪಾಳ್ಯಕ್ಕೂ ಕಡಲಿಗೂ ನಂಟು ಉಂಟೆಂದರೆ ಬೆಂಗಳೂರಿನವರು ನಗುವುದು ಸಹಜ. ಬಸ್ಸುಗಳ ಹಾರನ್ನು, ಲಾರಿ ಆಫೀಸುಗಳ ಮುಂದೆ ಗುಡ್ಡೆಬಿದ್ದ ಮೂಟೆಗಳು, ತರಕಾರಿ ಮಂಡಿಯಲ್ಲಿ ಕೋಸಿನ ಎಲೆ ತುಳಿದರೆ ಜಾರುವ ನೆಲ, ಇವಿಷ್ಟೇ ಆ ಹೆಸರು ಕೇಳಿದೊಡನೆ ಕಣ್ಣಮುಂದೆ ಬರತಕ್ಕವು. ಆದರೂ ಹೆಸರಿನಲ್ಲಿಯೇ ತುಸು ಉಪ್ಪುನೀರಿದೆ. ಖಲಾಸಿ ಎಂದರೆ ದಂಡಿನಲ್ಲಿ ಡೇರೆ ಹೊಡೆಯುವ ಆಳು. ಹಡಗಿನಲ್ಲಿ ದುಡಿಯುವವನಿಗೂ ಅದೇ ಹೆಸರು. ನಮ್ಮ ಪಾಳ್ಯದವರು ಡೇರೆಯ ಖಲಾಸಿಗಳೇ ಇದ್ದಿರಬೇಕು. ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿ ಮೇಲಿರುವ ಊರಿಗೆ ಹಡಗಿನವರಿಗೇನು ಕೆಲಸ?

ಹಡಗು ಬರಲಿಲ್ಲ, ಕಡಲು ಮಾತ್ರ ಬಂದಿದೆ. ಅಲ್ಲಿನ ಹೊಸ ಬಡಾವಣೆಯಲ್ಲಿ ನನ್ನ ತಂಗಿಯ ಮನೆ. ಅವಳ ಮಗ ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಿಟ್ಟು, ಶುದ್ಧಿಮಾಡಿದ ನೀರಿಗೆ ಲೀಟರಿಗೆ ೩೫ ಗ್ರಾಂ ಲೆಕ್ಕದಲ್ಲಿ ಕಡಲುಪ್ಪಿನ ಪುಡಿ ಬೆರೆಸಿ, ಅದರಲ್ಲಿ ಜೀವಂತ ಹವಳ ಬೆಳೆಸಿದ್ದಾನೆ. (ನಮ್ಮ ಕಡಲಿನ ಹವಳಕ್ಕೆ ಕೈಹಾಕುವುದು ೨೦೦೧ರಿಂದ ವನ್ಯಜೀವಿ ಕಾಯಿದೆಯಂತೆ ಅಪರಾಧ. ಇವನದು ಹೊರದೇಶದ ಸಾಕಣೆಯಲ್ಲಿ ಬೆಳೆದದ್ದು. ನಾನು ಕೇಳುವ ಮೊದಲೇ ರಸೀದಿ ತೋರಿಸಿದ.) ಹವಳದ ಮೇಲೆ ಪಾಚಿ ಕಟ್ಟದಂತೆ ಕಾಯಲು ಹನ್ನೆರಡು ಬಸವನಹುಳುಗಳನ್ನು ತಂದು ಬಿಟ್ಟಿದ್ದ. ಅವು ಒಂದೊಂದಾಗಿ ಸಾಯತೊಡಗಿದ್ದವು.

“ಮಾಮ, ಕೊಲೆಗಾರರನ್ನು ಹಿಡಿದು ಚರಂಡಿಗೆ ಎಸೆದದ್ದೂ ಆಯಿತು. ಆದರೂ ಸಾವು ನಿಂತಿಲ್ಲ” ಎಂದ. ನಾನು ಮೇಷ್ಟರಾಗಿದ್ದಾಗ ಪ್ರಾಣಿಶಾಸ್ತ್ರ ಹೇಳಿಕೊಟ್ಟವನೆಂಬ ಒಂದೇ ಕಾರಣಕ್ಕೆ ಈ ಮೊಕದ್ದಮೆ ನನ್ನೆದುರಿಗೆ ಬಂದಿತು.

ಬಸವನಹುಳುವಿಗೂ ಗಾಜಿನ ತೊಟ್ಟಿಗೂ ಇರುವ ಸಂಬಂಧ ಹಳೆಯದು. ಮನೆಯಲ್ಲಿ ಹವಳ ಸಾಕಿದವರ ಪೈಕಿ ಮೊದಲಿಗಳೆಂದು ಹೇಳಬಹುದಾದವಳು ಲಂಡನ್ನಿನ ಆ್ಯನಾ ಥಿನ್ ಎಂಬ ಗೃಹಿಣಿ. ೧೮೪೬ರಲ್ಲಿ ಟಾರ್ಕಿ ಎಂಬ ಕಡಲೂರಿನಿಂದ ಆಕೆ ಕೆಲವು ಕಲ್ಲುಹವಳಗಳನ್ನು ಮನೆಗೆ ತಂದಳು. ನೀರು ಕೆಡದಿರಬೇಕಾದರೆ ಅದಕ್ಕೆ ಗಾಳಿಯಾಡಬೇಕು. ಆದಕಾರಣ ಮನೆಗೆಲಸದ ಹೆಂಗಸು ತೆರೆದ ಕಿಟಕಿಯ ಬಳಿ ನಿಂತು, ಕಾಫಿ ಆರಿಸುವವರಂತೆ, ಪಾತ್ರೆಯಿಂದ ಪಾತ್ರೆಗೆ ಆ ನೀರನ್ನು ಹೊತ್ತುಹೊತ್ತು ಸುರಿಯುತ್ತಿದ್ದಳಂತೆ. ಮರುವರ್ಷ ಯಜಮಾನಿಗೆ ಕಡಲಪಾಚಿ ಇಡುವ ಯೋಚನೆ ಬಂತು. ಕೆಲಸದಾಕೆ ಎಷ್ಟು ನೆಮ್ಮದಿಯ ಉಸಿರು ಬಿಟ್ಟಳೋ ಚರಿತ್ರೆ ಬರೆದಿಟ್ಟಿಲ್ಲ.

ಅನಂತರ ಬಂದವನು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ. ಆತ ಸಿಹಿನೀರಿನ ತೊಟ್ಟಿಯಲ್ಲಿ ಎರಡು ಹೊಂಬಣ್ಣದ ಮೀನು, ಒಂದಿಷ್ಟು ಉದ್ದೆಲೆಯ ನೀರುಹುಲ್ಲು ಇಟ್ಟ. ಮೀನು ಬಿಟ್ಟ ಉಸಿರು ಹುಲ್ಲಿಗೆ, ಹುಲ್ಲು ಬಿಟ್ಟದ್ದು ಮೀನಿಗೆ, ಲೆಕ್ಕ ಸರಿಹೋಯಿತೆಂದುಕೊಂಡ. ಸರಿಹೋಗಲಿಲ್ಲ. ಹಣ್ಣೆಲೆ ಕೊಳೆತು ನೀರು ಕಲಕಿತು, ಗಾಜಿಗೆ ಹಸಿರು ಲೋಳೆ ಹತ್ತಿತು. ಕೆರೆಯ ಕೆಲವು ಬಸವನಹುಳುಗಳನ್ನು ಬಿಟ್ಟ ಮೇಲೆ ಅವು ಕೊಳೆತದ್ದನ್ನೂ ಲೋಳೆಯನ್ನೂ ತಿಂದು ನೀರನ್ನು ತಿಳಿಯಾಗಿಸಿದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. ಈ ಸಂಗತಿಯನ್ನು ಆತ ೧೮೫೦ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟ. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಅದಕ್ಕೆ ಕಡಲಜೀವಿಗಳನ್ನು ಒದಗಿಸಿದ ಫಿಲಿಪ್ ಹೆನ್ರಿ ಗಾಸ್ ಮರುವರ್ಷ ಬರೆದ ಪುಸ್ತಕದಿಂದಲೇ ಅಕ್ವೇರಿಯಂ ಎಂಬ ಮಾತು ಜನರ ಬಾಯಲ್ಲಿ ನೆಲೆಸಿತು. ಕಡಲಿಲ್ಲದ ಊರಿನವರು ಉಪ್ಪುಗಳನ್ನು ಬೆರೆಸಿ ಕಡಲನೀರು ಮಾಡಿಕೊಳ್ಳುವ ಪಾಕವನ್ನು ೧೮೫೪ರಲ್ಲಿಯೇ ಬರೆದಿಟ್ಟವನೂ ಅವನೇ. ನನ್ನ ಸೋದರಳಿಯ ಆ ಮನೆತನದ ದೂರದ ಶಿಷ್ಯ.

ಆದರೆ ವಾರಿಂಗ್ಟನ್ನನ ಆ ಜಾಡಮಾಲಿ ಹುಳು ಕೊಳೆತ ಎಲೆ ಮುಗಿದ ಮೇಲೆ ಸುಮ್ಮನಿರುವಂಥದ್ದಲ್ಲ. ಹಸಿದರೆ ಎಳೆಯ ಚಿಗುರಿಗೂ ಬಾಯಿ ಹಾಕುತ್ತದೆ. ನೆಂಟನೂ ಅದೇ ಹುಳು, ಕಳ್ಳನೂ ಅದೇ ಹುಳು. ನಾವು ಕನ್ನಡದವರು ಎರಡು ಕೊಂಬು ನೋಡಿ ಅದನ್ನು ಬಸವನಹುಳು ಎಂದು ಕರೆದದ್ದು ಸರಿಯಾಗಿಯೇ ಇದೆ. ಕಲಾಸಿಪಾಳ್ಯದಿಂದ ಅತ್ತ ನಡೆದರೆ ಸಿಕ್ಕುವ ಬಸವನಗುಡಿಯ ಬಸವನೂ, ಐತಿಹ್ಯದಂತೆ, ಮೊದಲು ಕಡಲೆಕಾಯಿ ಹೊಲ ಮೇಯ್ದು ರೈತರಿಂದ ಪೆಟ್ಟು ತಿಂದವನಲ್ಲವೆ?

ಹಾಗಾದರೆ ಗುರುತಿಸುವುದು ಹೇಗೆ? ಬಣ್ಣದಿಂದಲ್ಲ, ಅಂದದಿಂದಲ್ಲ, ಚಿಪ್ಪಿನ ಬಾಯಿಯಿಂದ. ಬಸವನಹುಳುವಿನ ನಾಲಿಗೆ ಸಾವಿರಾರು ಸಣ್ಣ ಹಲ್ಲುಗಳಿರುವ ಅರದ ಪಟ್ಟಿ. ಪಾಚಿ ಕೆರೆಯುವವು ಅದನ್ನು ಬಂಡೆಗೆ ಉಜ್ಜುತ್ತ ಹೋಗುತ್ತವೆ. ಅಂಥವುಗಳ, ಅಂದರೆ ಬುಗುರಿಯಾಕಾರದ ಟ್ರೋಕಸ್, ದುಂಡನೆಯ ಟರ್ಬೊ ಮೊದಲಾದವುಗಳ ಚಿಪ್ಪಿನ ಬಾಯಿ ಒಡಕಿಲ್ಲದೆ ಗುಂಡಗಿರುತ್ತದೆ. ಬೇಟೆಯಾಡುವ ಹುಳುವಾದರೋ ವಾಸನೆ ಹಿಡಿಯಬೇಕು. ನೀರನ್ನು ಮೂಸಿ ನೋಡಲು ಅದಕ್ಕೆ ಸೊಂಡಿಲಿನಂಥ ಕೊಳವೆಯಿದೆ. ಆ ಕೊಳವೆ ಹೊರಚಾಚಲು ಚಿಪ್ಪಿನ ತುಟಿಯಲ್ಲಿ ಒಂದು ಕಚ್ಚು, ಇಲ್ಲವೆ ಉದ್ದನೆಯ ಕಾಲುವೆ.

ಈ ಕಾಲುವೆಯನ್ನು ನೋಡಬೇಕಾದರೆ ದೇವರಮನೆಗೆ ಹೋದರೆ ಸಾಕು. ಅಭಿಷೇಕದ ಶಂಖಕ್ಕೆ ನೀರು ತುಂಬಿ ಬಾಗಿಸಿದಾಗ ಯಾವ ಮೂತಿಯಿಂದ ಧಾರೆ ಇಳಿಯುತ್ತದೆಯೋ ಅದೇ ಇದು. ಬದುಕಿದ್ದಾಗ ಆ ಮೂತಿಯಿಂದ ಸೊಂಡಿಲು ಚಾಚಿ ಶಂಖದ ಹುಳು ಕಡಲತಳದ ಮರಳಿನಲ್ಲಿ ಹುದುಗಿದ ಹುಳಗಳನ್ನು ಹುಡುಕಿ ತಿನ್ನುತ್ತಿತ್ತು. ಮನ್ನಾರ್ ಕೊಲ್ಲಿಯ ಶಂಖಗಳ ಮೇಲೆ ೧೯೧೪ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ ಜೇಮ್ಸ್ ಹಾರ್ನೆಲ್ ಮದರಾಸಿನ ಮೀನುಗಾರಿಕೆ ಇಲಾಖೆಯವನು. ಶಂಖದಿಂದ ಬಂದರೆ ತೀರ್ಥ ಎಂಬ ಗಾದೆಯನ್ನು ಇನ್ನು ಮುಂದೆ ಹೇಳುವಾಗ ನನಗೆ ಮಾಂಸಾಹಾರಿಯೊಬ್ಬನ ಮೂಗು ನೆನಪಾಗದೆ ಇರದು. ತಂಗಿಗೆ ಇದನ್ನು ಹೇಳಲಿಲ್ಲ.

ತುಟಿಯ ಕಚ್ಚು ಕಂಡ ಮಾತ್ರಕ್ಕೆ ತೀರ್ಪು ಕೊಡುವಂತೆಯೂ ಇಲ್ಲ. ಚೌಕಾಬಾರದ ಕವಡೆಯ ಎರಡು ತುದಿಗೂ ಕಚ್ಚುಂಟು, ಆದರೂ ಅದು ಪಾಚಿ ಮೇಯುವ ಪ್ರಾಣಿ. ಅದರ ನಂಟ, ಮೊಟ್ಟೆಯಂತೆ ಬೆಳ್ಳಗಿರುವ ಇನ್ನೊಂದು ಕವಡೆ, ಮೆತ್ತನೆಯ ಹವಳವನ್ನೇ ತಿನ್ನುತ್ತದೆ. ಡ್ರುಪೆಲ್ಲ ಎಂಬ ಬೆರಳತುದಿಯಷ್ಟರ ಹುಳು ಹವಳದ ಮಾಂಸ ಸುಲಿದು ಬಿಳಿಯ ಅಸ್ಥಿಯನ್ನಷ್ಟೇ ಬಿಡುತ್ತದೆ. ೧೯೮೦ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ನಿಂಗಲೂ ಹವಳದಿಬ್ಬದ ದೊಡ್ಡ ಭಾಗಗಳನ್ನು ಹಾಳುಮಾಡಿತು. ಆದರೆ ನಾಸೇರಿಯಸ್ ಎಂಬುದು, ಕಚ್ಚೂ ಸೊಂಡಿಲೂ ಇದ್ದು, ಮರಳಿನೊಳಗೆ ಮಲಗಿ, ಹೆಣದ ವಾಸನೆ ಬಂದಾಗ ಮಾತ್ರ ಎದ್ದು ಬರುವ ತೋಟಿ. ಅದು ಜೀವಂತ ಹುಳುವಿನ ಗೊಡವೆಗೆ ಹೋಗುವುದಿಲ್ಲ.

ಇಲ್ಲಿಗೆ ಬಂದಾಗ ಸೋದರಳಿಯನ ಮುಖ ಸಪ್ಪಗಾಯಿತು. ಅವನು ಕೊಲೆಗಾರರೆಂದು ಎಸೆದದ್ದು ಅವನ್ನೇ. ಸತ್ತ ಹುಳುವಿನ ಮೇಲೆ ಮುತ್ತಿದ್ದವು, ಕಣ್ಣಾರೆ ಕಂಡೆ ಎಂದ. ಹೆಣ ಹೊರಲು ಬಂದವರನ್ನೆಲ್ಲ ಕೊಲೆಗಾರರೆಂದರೆ ಊರಿನಲ್ಲಿ ಯಾರು ಉಳಿದಾರು?

ಅವನನ್ನು ಬಯ್ಯುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಬಸವನಹುಳುಗಳ ವಿಷಯದಲ್ಲಿ ಇದಕ್ಕಿಂತ ದೊಡ್ಡವರೇ ಎಡವಿದ್ದಾರೆ. ವಿಲಿಯಂ ಹೆನ್ರಿ ಬೆನ್ಸನ್ ಎಂಬಾತ ಬಂಗಾಳದಲ್ಲಿ ಕಂಪನಿ ಸರ್ಕಾರದ ಅಧಿಕಾರಿ, ಚಿಪ್ಪಿನ ಜೀವಿಗಳಲ್ಲಿ ಮಹಾಪಂಡಿತ. ಆ್ಯನಾ ಥಿನ್ ತನ್ನ ಹವಳಕ್ಕೆ ಪಾಚಿ ತರಿಸಿದ ಅದೇ ೧೮೪೭ರಲ್ಲಿ ಆತ ಮಾರಿಷಸ್ಸಿನಿಂದ ಆಫ್ರಿಕದ ದೈತ್ಯ ಬಸವನಹುಳುಗಳನ್ನು ಕಲ್ಕತ್ತೆಗೆ ತಂದ. ಅವು ಚೌರಂಗಿಯ ತೋಟವೊಂದನ್ನು ಸೇರಿದವು. ಇಂದು ಮಳೆ ಬಿದ್ದ ರಾತ್ರಿ ಬೆಂಗಳೂರಿನ ಕಾಂಪೌಂಡು ಗೋಡೆಗಳ ಮೇಲೆ ಅಂಗೈಯುದ್ದದ ಕಂದುಚಿಪ್ಪು ಹೊತ್ತು ಏರುವವು ಆ ಜಾತಿಯವೇ. ಪರಂಗಿ, ಹಿಪ್ಪುನೇರಳೆ, ಸೊಪ್ಪು, ತರಕಾರಿ ಏನೂ ಅವಕ್ಕೆ ವರ್ಜ್ಯವಲ್ಲ.

ಬೆನ್ಸನ್ ತಂದದ್ದು ಕುತೂಹಲಕ್ಕೆ. ಹವಾಯಿಯವರು ತಂದದ್ದು ಉಪಕಾರಕ್ಕೆ, ಹಾಗಾಗಿ ಅದು ಇನ್ನೂ ಕೆಟ್ಟಿತು. ಈ ದೈತ್ಯಹುಳುವಿನ ಕಾಟ ತಾಳಲಾರದೆ ೧೯೫೫ರಲ್ಲಿ ಅವರು ಫ್ಲಾರಿಡದಿಂದ ಹುಳುಭಕ್ಷಕವಾದ ಇನ್ನೊಂದು ಬಸವನಹುಳುವನ್ನು ತರಿಸಿ ಬಿಟ್ಟರು, ತೋಳಹುಳು ಎನ್ನಬಹುದು. ಅದು ದೈತ್ಯನನ್ನು ಬಿಟ್ಟು, ಮರದ ಎಲೆಗಳ ಮೇಲೆ ಒಡವೆಗಳಂತೆ ಹೊಳೆಯುತ್ತಿದ್ದ ಆ ದ್ವೀಪಗಳ ಸ್ವಂತ ಬಸವನಹುಳುಗಳನ್ನು ಹುಡುಕಿ ತಿಂದಿತು. ಇದು ತಿಳಿದ ಮೇಲೂ ೧೯೭೭ರಲ್ಲಿ ಮೊರೇಯ ದ್ವೀಪದಲ್ಲಿ ಅದೇ ತೋಳವನ್ನು ಬಿಟ್ಟರು. ಹತ್ತು ವರ್ಷದ ಆಸುಪಾಸಿನಲ್ಲಿ ಅಲ್ಲಿನ ಪಾರ್ಟುಲ ಜಾತಿಗಳು ಕಾಡಿನಿಂದ ಕಾಣೆಯಾದವು. ಮೃಗಾಲಯಗಳಲ್ಲಿ ಪೆಟ್ಟಿಗೆಯೊಳಗೆ ಸಾಕಿದವು ಮಾತ್ರ ಉಳಿದವು. ಹೆಸರು ಪಟ್ಟಿಯಲ್ಲಿ ಉಪಕಾರಿಯೆಂದು ಬರೆದುಕೊಂಡವರು ಅದು ತಿನ್ನುವುದನ್ನು ಕೂತು ನೋಡಿರಲಿಲ್ಲ.

ನಾವು ಕೂತು ನೋಡೋಣವೆಂದೆ. ರಾತ್ರಿ ಊಟವಾಯಿತು. ತೊಟ್ಟಿಯ ದೀಪ ಆರಿಸಿ ಒಂದೂವರೆ ಗಂಟೆ ಕಾದೆವು. ಹೊರಗೆ ಲಾರಿಗಳು ಹಿಂದಕ್ಕೆ ಸರಿಯುವ ಸದ್ದು. ಬ್ಯಾಟರಿಗೆ ಕೆಂಪು ಕಾಗದ ಸುತ್ತಿ ಬೆಳಕು ಬಿಟ್ಟಾಗ, ಉಳಿದಿದ್ದ ಐದು ಟ್ರೋಕಸ್‌ಗಳಲ್ಲಿ ಒಂದು ಗಾಜಿಗೆ ಅಂಟಿಕೊಂಡಿತ್ತು. ಅದರ ತುಟಿಯಂಚಿನಲ್ಲಿ ಬಿಳಿಯ ರವೆಕಾಳಿನಂಥವು ಸಾಲಾಗಿ ನಿಂತಿದ್ದವು. ಭೂತಗನ್ನಡಿ ಹಿಡಿದು ನೋಡಿದರೆ ಒಂದೊಂದೂ ಮೊನಚು ಗೋಪುರದ ಪುಟ್ಟ ಶಂಖ.

“ಇವೂ ಬಸವನಹುಳುಗಳೇ ಏನು ಮಾಮ?”

“ಹೌದು ಕಣೋ. ಪಿರಮಿಡೆಲ್ಲಿಡ್ ಎನ್ನುತ್ತಾರೆ. ಇವಕ್ಕೆ ಅರದ ನಾಲಿಗೆಯೂ ಇಲ್ಲ, ಸೂಜಿಯುಂಟು. ಹಗಲು ಅಡಗಿ, ರಾತ್ರಿ ಬಂದು ಚುಚ್ಚಿ ರಸ ಹೀರುತ್ತವೆ.”

ತಂಗಿ ಹಳೆಯ ಹಲ್ಲುಜ್ಜುವ ಬ್ರಷ್ಷನ್ನೂ ಒಂದು ಲೋಟ ಸಿಹಿನೀರನ್ನೂ ತಂದಿಟ್ಟಳು. ಐದನ್ನೂ ಮೇಲೆತ್ತಿ, ತುಟಿಯಂಚು ತಿಕ್ಕಿ, ಉದುರಿದ್ದನ್ನು ಲೋಟಕ್ಕೆ ಹಾಕುತ್ತ ಹೋದೆವು. ಹನ್ನೊಂದೂವರೆಗೆ ಎಣಿಸಿದಾಗ ಅರವತ್ತನಾಲ್ಕು. ವಾರಕ್ಕೆರಡು ರಾತ್ರಿ ಹೀಗೆಯೇ ತಿಕ್ಕಬೇಕು, ಮೊಟ್ಟೆ ಒಡೆದು ಮತ್ತೆ ಬರುತ್ತವೆ ಎಂದು ಹೇಳಿ ಹೊರಟೆ. ಮೆಟ್ಟಿಲಿಳಿಯುವಾಗ ಅವನು ಬ್ಯಾಟರಿ ಹಿಡಿದು ಜೊತೆಗೆ ಬಂದ. ಗೇಟಿನ ಬಳಿ ಒಂದು ಕ್ಷಣ ನಿಂತು ಚರಂಡಿಯ ಕಡೆ ಬೆಳಕು ಬಿಟ್ಟು ನೋಡಿದ.